ಹೆಲ್ಸಿಂಕಿ ನೋಡುವುದು ಹೇಗೆ? ಒಂದು ಟಿಕೆಟ್ಟು, ನಾಲ್ಕು ದಿನ ಮತ್ತು ಸಮುದ್ರ

ನಮ್ಮ ಸೋದರಮಾವ, ಅತ್ತೆ ಫಿನ್ಲೆಂಡಿನ ರಾಜಧಾನಿ ಹೆಲ್ಸಿಂಕಿಗೆ ಬಂದಾಗ ಮಾವನ ಕೈಯಲ್ಲಿ ಒಂದು ಪಟ್ಟಿ ಇತ್ತು. 23 ಜಾಗಗಳು. ಮೊದಲ ದಿನವೇ ಒಂಬತ್ತು ಮುಗಿಸಿದೆವು. ಸಂಜೆ ಮನೆಗೆ ಬಂದು ಕಾಲಿಗೆ ಬಿಸಿನೀರು ಹಾಕಿಕೊಳ್ಳುತ್ತಾ ಅತ್ತೆ ಕೇಳಿದರು: "ಅಲ್ಲ ಕಣೋ, ಇದು ಸಮುದ್ರದ ಪಕ್ಕದ ಊರು ಅಂದಿದ್ಯಲ್ಲ, ಸಮುದ್ರ ಎಲ್ಲಿ?" ಆ ದಿನ ನಾವು ನಾಲ್ಕು ಸಲ ಸಮುದ್ರದ ಪಕ್ಕದಲ್ಲೇ ಹಾದುಹೋಗಿದ್ದೆವು. ಯಾರೂ ತಲೆ ಎತ್ತಿ ನೋಡಿರಲಿಲ್ಲ.

ಪಟ್ಟಿ ಅವತ್ತೇ ಡ್ರಾಯರ್ ಸೇರಿತು. ಅಲ್ಲಿದ್ದ ಎರಡು ವರ್ಷದಲ್ಲಿ ಬಂದ ನೆಂಟರು, ಸ್ನೇಹಿತರನ್ನೆಲ್ಲ ಸುತ್ತಿಸಿ ನನಗೆ ಅರ್ಥವಾಗಿದ್ದು ಇಷ್ಟು. ಪ್ಯಾರಿಸ್ಸು, ರೋಮಿನ ಹಾಗೆ "ಅದೊಂದು ನೋಡಲೇಬೇಕು" ಅನ್ನುವಂಥದ್ದು ಹೆಲ್ಸಿಂಕಿಯಲ್ಲಿ ಕಮ್ಮಿ. ಈ ಊರಿನ ಸುಖ ಇರುವುದು ದೋಣಿಯಲ್ಲಿ, ಟ್ರಾಮಿನ ಕಿಟಕಿಯಲ್ಲಿ, ಸೌನ ಅನ್ನುವ ಆವಿಸ್ನಾನದ ಬಿಸಿಯಲ್ಲಿ, ರಾತ್ರಿ ಹತ್ತಾದರೂ ಆರದ ಬೆಳಕಿನಲ್ಲಿ. ಊರು ದುಬಾರಿ, ನಿಜ. ಆದರೆ ಅದರ ಒಳ್ಳೆಯ ಭಾಗ ಮುಕ್ಕಾಲುಪಾಲು ಒಂದು ಬಸ್ ಟಿಕೆಟ್ಟಿನಲ್ಲೇ ಸಿಗುತ್ತದೆ. ಅದನ್ನು ಹೇಗೆ ಪಡೆಯುವುದು ಅಂತ ಒಂದೊಂದಾಗಿ ಹೇಳುತ್ತೇನೆ.

ಯಾವಾಗ ಹೋಗಬೇಕು

ಜೂನ್‌ನಿಂದ ಆಗಸ್ಟ್. ಮೊದಲ ಸಲ ಹೋಗುವವರಿಗೆ ಬೇರೆ ತಿಂಗಳು ನಾನು ಹೇಳುವುದಿಲ್ಲ. ಜೂನ್ ಕೊನೆಯ ಭಾಗದಲ್ಲಿ ಸೂರ್ಯ ಮುಳುಗುವುದು ರಾತ್ರಿ 10.50ರ ಸುಮಾರಿಗೆ, ಬೆಳಗಿನ 4 ಗಂಟೆಯೊಳಗೆ ಮತ್ತೆ ಹಾಜರ್. ಮಧ್ಯದಲ್ಲಿ ಪೂರ್ತಿ ಕತ್ತಲೆ ಅನ್ನುವುದೇ ಇರುವುದಿಲ್ಲ. ಮಲಗಲು ಕಣ್ಣಿಗೆ ಕಟ್ಟುವ ಪಟ್ಟಿ ತೆಗೆದುಕೊಂಡು ಹೋಗಿ. ತಮಾಷೆಯ ಮಾತಲ್ಲ, ನಮ್ಮ ಮಾವ ಮೂರು ರಾತ್ರಿ ಟವೆಲ್ ಮುಚ್ಚಿಕೊಂಡು ಮಲಗಿದರು.

ಆದರೆ ಒಂದು ಎಚ್ಚರಿಕೆ. ಜೂನ್ 20ರಿಂದ 26ರ ಒಳಗೆ ಬರುವ ಶನಿವಾರ ಅವರ ಯುಹನ್ನುಸ್, ಅಂದರೆ ನಡುಬೇಸಿಗೆಯ ಹಬ್ಬ. ಶುಕ್ರವಾರ ಮಧ್ಯಾಹ್ನಕ್ಕೇ ಊರಿಗೆ ಊರೇ ಖಾಲಿ. ಎಲ್ಲರೂ ಕೆರೆ ದಂಡೆಯ ಬೇಸಿಗೆ ಮನೆಗಳಿಗೆ ಹೋಗಿಬಿಡುತ್ತಾರೆ. ಹೋಟೆಲು, ಅಂಗಡಿ ಬಹಳಷ್ಟು ಮುಚ್ಚಿರುತ್ತವೆ. ಆ ಎರಡು ದಿನ ತಪ್ಪಿಸಿ ಟಿಕೆಟ್ ಮಾಡಿಸಿ.

ಚಳಿಗಾಲ ಬೇಕೇ ಬೇಕು ಅನ್ನುವವರು ಹಿಮ ಗಟ್ಟಿಯಾಗಿ ಕೂತಿರುವ ಫೆಬ್ರವರಿ ನೋಡಿ. ಡಿಸೆಂಬರ್ ಕೊನೆಯಲ್ಲಿ ಹಗಲು ಆರು ಗಂಟೆಯೂ ಇರುವುದಿಲ್ಲ, ಮಧ್ಯಾಹ್ನ 3.15ಕ್ಕೆಲ್ಲ ಸೂರ್ಯ ಮುಳುಗಿರುತ್ತಾನೆ. ಕತ್ತಲಲ್ಲಿ ನಡೆಯುವವರು ಬಟ್ಟೆಗೆ ಹೊಳೆಯುವ ಬಿಲ್ಲೆ ಸಿಕ್ಕಿಸಿಕೊಳ್ಳಬೇಕು ಅನ್ನುವುದು ಅಲ್ಲಿ ಕಾನೂನು. ನವೆಂಬರ್ ಮಾತ್ರ ಬೇಡ. ಹಿಮವೂ ಇಲ್ಲ, ಬೆಳಕೂ ಇಲ್ಲ, ಸುಮ್ನೆ ಜಿಟಿಜಿಟಿ ಮಳೆ.

ವೀಸಾ, ದುಡ್ಡು, ಪ್ಲಗ್ಗು

ಇದನ್ನು ಬೇಗ ಮುಗಿಸೋಣ. ಬೇಕಾದದ್ದು ಷೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೇ ನಡೆಯುವ ವೀಸಾ. ದೊಡ್ಡವರಿಗೆ ಶುಲ್ಕ 90 ಯೂರೋ. ಹೊರಡುವ 6 ತಿಂಗಳು ಮೊದಲಿನಿಂದ ಅರ್ಜಿ ಹಾಕಬಹುದು. ಕೊನೆಯ 15 ದಿನದವರೆಗೂ ಹಾಕಬಹುದು ಅಂತ ನಿಯಮ ಇದೆ, ಆದರೆ ಅಷ್ಟು ಧೈರ್ಯ ಬೇಡ. ಬೇಸಿಗೆಯಲ್ಲಿ ಅರ್ಜಿ ಕೊಡುವ ಸಮಯ ಸಿಗುವುದೇ ಕಷ್ಟ. ಪ್ರಯಾಣದ ವಿಮೆ ಕನಿಷ್ಠ 30,000 ಯೂರೋ ಖರ್ಚು ಭರಿಸುವಂತಿರಬೇಕು.

ನಗದು ಬೇಕಾಗುವುದು ಅಪರೂಪ. ಮಾರುಕಟ್ಟೆಯಲ್ಲಿ ಹಣ್ಣು ಮಾರುವವರ ಹತ್ತಿರವೂ ಕಾರ್ಡ್ ಮೆಷಿನ್ ಇರುತ್ತದೆ. ಭಾರತದಲ್ಲೇ ಕಾರ್ಡಿನ ವಿದೇಶಿ ಬಳಕೆ ತೆರೆಸಿಕೊಂಡು ಹೋಗಿ. ನಮ್ಮ ದಪ್ಪ ಮೂರು ಕಡ್ಡಿಯ ಪ್ಲಗ್ ಅಲ್ಲಿ ಹೋಗುವುದಿಲ್ಲ, ಮೊಬೈಲ್ ಚಾರ್ಜರಿನ ಸಣ್ಣ ಎರಡು ಕಡ್ಡಿಯದು ಹೋಗುತ್ತದೆ. ಬೇಸಿಗೆಯಲ್ಲಿ ನಮಗಿಂತ ಎರಡೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಮೂರೂವರೆ.

ನೀರಿನ ಬಾಟಲಿ ಕೊಳ್ಳಬೇಡಿ. ನಲ್ಲಿ ನೀರು ಪೈಯಾನ್ನೆ ಅನ್ನುವ ಕೆರೆಯಿಂದ, ಬಂಡೆಯೊಳಗೆ ಕೊರೆದ 120 ಕಿಲೋಮೀಟರ್ ಉದ್ದದ ಸುರಂಗದಲ್ಲಿ ಬರುತ್ತದೆ. ಅಂಗಡಿಯ ನೀರಿಗಿಂತ ರುಚಿ. ಖಾಲಿ ಬಾಟಲಿ ಒಂದು ಜೊತೆಗಿರಲಿ.

ಟಿಕೆಟ್ಟು: ಇದನ್ನು ಸರಿಯಾಗಿ ಅರ್ಥ ಮಾಡಿಕೊಂಡರೆ ಅರ್ಧ ಊರು ನಿಮ್ಮದು

ಹೆಲ್ಸಿಂಕಿಯ ಬಸ್ಸು, ಟ್ರಾಮು, ಮೆಟ್ರೋ, ಲೋಕಲ್ ರೈಲು, ಕೋಟೆ ದ್ವೀಪಕ್ಕೆ ಹೋಗುವ ದೋಣಿ, ಎಲ್ಲಕ್ಕೂ ಒಂದೇ ಟಿಕೆಟ್ಟು. ನಡೆಸುವುದು ಎಚ್‌ಎಸ್‌ಎಲ್ ಅನ್ನುವ ಸಾರಿಗೆ ಸಂಸ್ಥೆ. ಊರನ್ನು ಎ, ಬಿ, ಸಿ, ಡಿ ಅಂತ ವಲಯಗಳಾಗಿ ವಿಂಗಡಿಸಿದ್ದಾರೆ. ನಡುಭಾಗ ಎ, ಅದರ ಸುತ್ತ ಬಿ, ವಿಮಾನ ನಿಲ್ದಾಣ ಇರುವುದು ಸಿ ವಲಯದಲ್ಲಿ. ಹಾಗಾಗಿ:

ವಿಮಾನ ನಿಲ್ದಾಣದಿಂದ ಊರಿಗೆ ಎಬಿಸಿ ಟಿಕೆಟ್, 90 ನಿಮಿಷ ನಡೆಯುತ್ತದೆ. ಊರೊಳಗೆ ಎಬಿ ಟಿಕೆಟ್, 80 ನಿಮಿಷ. ಆ ಸಮಯದೊಳಗೆ ಎಷ್ಟು ಸಲ ಹತ್ತಿ ಇಳಿದರೂ ಸರಿ. ಎಬಿ ಟಿಕೆಟ್ ಮೂರು ಯೂರೋ ಆಸುಪಾಸು. ದಿನಕ್ಕೆ ನಾಲ್ಕೈದು ಸಲ ಹತ್ತುವ ಅಂದಾಜಿದ್ದರೆ ದಿನದ ಪಾಸ್ ತೆಗೆದುಕೊಳ್ಳಿ. ಒಂದರಿಂದ 13 ದಿನದವರೆಗೂ ಸಿಗುತ್ತದೆ, ದಿನ ಜಾಸ್ತಿಯಾದಷ್ಟೂ ದಿನದ ಲೆಕ್ಕ ಅಗ್ಗ. ಮೊಬೈಲಿನಲ್ಲಿ ಅವರ ಆ್ಯಪ್ ಹಾಕಿಕೊಂಡರೆ ಕೆಲಸ ಸುಲಭ. ನಿಲ್ದಾಣದ ಮೆಷಿನ್ನಿನಲ್ಲೂ ಕೊಳ್ಳಬಹುದು.

ಇಳಿದ ಮೇಲೆ ಟ್ಯಾಕ್ಸಿ ಬೇಡ. ವಿಮಾನ ನಿಲ್ದಾಣದ ಕೆಳಗೇ ರೈಲು ನಿಲ್ದಾಣ. 2015ರಲ್ಲಿ ಆದದ್ದು. ಎಸ್ಕಲೇಟರ್ ಎಷ್ಟು ಆಳಕ್ಕೆ ಹೋಗುತ್ತದೆ ಅಂದರೆ ನಡುವೆ ಒಂದು ಮಾತುಕತೆ ಮುಗಿಸಬಹುದು. ಅಲ್ಲಿ ಐ ಮತ್ತು ಪಿ ಅಂತ ಎರಡು ರೈಲು, ಎದುರುಬದುರು ದಿಕ್ಕಿಗೆ. ಯಾವುದು ಹತ್ತಲಿ ಅಂತ ತಲೆ ಕೆಡಿಸಿಕೊಳ್ಳಬೇಡಿ. ಹಳಿ ಇರುವುದೇ ಸುತ್ತುಹಾಕಿ, ಎರಡೂ ಊರ ನಡುವಿನ ಮುಖ್ಯ ನಿಲ್ದಾಣಕ್ಕೇ ಹೋಗುತ್ತವೆ, ಎರಡೂ ಅರ್ಧ ಗಂಟೆ.

ಗೇಟು ಇಲ್ಲ, ಕಂಡಕ್ಟರ್ ಇಲ್ಲ. ಅದಕ್ಕೇ ಎಷ್ಟೋ ಜನ ಮೋಸ ಹೋಗುತ್ತಾರೆ. ತಪಾಸಣೆಯವರು ಯಾವಾಗ ಹತ್ತುತ್ತಾರೋ ಗೊತ್ತಾಗುವುದಿಲ್ಲ, ದಂಡ 80 ಯೂರೋಗೆ ಕಮ್ಮಿ ಇಲ್ಲ. ಪ್ರವಾಸಿ ಅಂದರೂ ಬಿಡುವುದಿಲ್ಲ. ಇನ್ನೊಂದು: ಬಸ್ ನಿಲ್ಲಬೇಕಾದರೆ ನಿಲ್ದಾಣದಲ್ಲಿ ನಿಂತು ಕೈ ತೋರಿಸಬೇಕು. ಕೈ ಎತ್ತದಿದ್ದರೆ ಡ್ರೈವರ್ ನಿಮ್ಮ ಮುಖ ನೋಡಿಕೊಂಡೇ ಮುಂದೆ ಹೋಗುತ್ತಾನೆ. ನಮ್ಮೂರಿನ ಬಸ್ ಹಿಡಿದು ಪಳಗಿದವರಿಗೆ ಇದು ಹೊಸದಲ್ಲ, ಬಿಡಿ.

ಬೋರ್ಡು ಓದುವುದು

ಎಲ್ಲರಿಗೂ ಇಂಗ್ಲಿಷ್ ಬರುತ್ತದೆ, ಚಿಂತೆ ಇಲ್ಲ. ಬೋರ್ಡುಗಳು ಮಾತ್ರ ಫಿನ್ನಿಷ್ ಮತ್ತು ಸ್ವೀಡಿಷ್, ಎರಡು ಭಾಷೆಯಲ್ಲಿ. ಮೊದಲು ನೋಡಿದಾಗ ಗಾಬರಿಯಾಗುತ್ತದೆ, ಒಂದೊಂದು ಹೆಸರು ಗೇಣುದ್ದ. ಆದರೆ ಕನ್ನಡದವರಿಗೆ ಫಿನ್ನಿಷ್ ಓದುವುದು ಇಂಗ್ಲಿಷಿನವರಿಗಿಂತ ಸುಲಭ. ಬರೆದಂತೆ ಓದು, ಅಷ್ಟೇ. ಒಂದು ಸ್ವರ ಬರೆದರೆ ಹ್ರಸ್ವ, ಎರಡು ಬರೆದರೆ ದೀರ್ಘ. ಎರಡು ವ್ಯಂಜನ ಬಂದರೆ ಒತ್ತು. "ಕುಕ" ಅಂದರೆ ಯಾರು, "ಕುಕ್ಕ" ಅಂದರೆ ಹೂವು. ವಿದೇಶಿಯರು ವರ್ಷಗಟ್ಟಲೆ ಒದ್ದಾಡುವ ಈ ವ್ಯತ್ಯಾಸ ನಮಗೆ ಒಂದನೇ ಕ್ಲಾಸಿನ ಪಾಠ. ವಿಭಕ್ತಿಗಳೂ ನಮ್ಮ ಹಾಗೇ ಪದದ ಬಾಲಕ್ಕೆ ಅಂಟಿಕೊಳ್ಳುತ್ತವೆ. ಹೆಲ್ಸಿಂಕಿಯಲ್ಲಿ ಅನ್ನುವುದಕ್ಕೆ ಅವರದು ಒಂದೇ ಪದ, ನಮ್ಮದೂ ಒಂದೇ ಪದ. ಅವರಿಗೆ ವಿಭಕ್ತಿ 15 ಅಂತೆ, ಅದು ಅವರ ಹಣೆಬರಹ.

"ಮೊಯ್" ಅಂದರೆ ನಮಸ್ಕಾರ, "ಕೀತೊಸ್" ಅಂದರೆ ಥ್ಯಾಂಕ್ಸ್. ಇವೆರಡು ಸಾಕು.

ಮೊದಲ ದಿನ: ನಿಲ್ದಾಣದಿಂದ ಬಂದರಿಗೆ, ನಡೆದೇ

ಮುಖ್ಯ ರೈಲು ನಿಲ್ದಾಣದಿಂದ ಹೊರಬಂದ ತಕ್ಷಣ ತಿರುಗಿ ನೋಡಿ. ಬಾಗಿಲ ಎರಡೂ ಪಕ್ಕ ದುಂಡು ದೀಪ ಹಿಡಿದ ನಾಲ್ಕು ಕಲ್ಲಿನ ಗಂಡಸರು ನಿಂತಿದ್ದಾರೆ. ವಾಸ್ತುಶಿಲ್ಪಿ ಎಲಿಯೆಲ್ ಸಾರಿನೆನ್ ವಿನ್ಯಾಸ ಮಾಡಿದ ಈ ನಿಲ್ದಾಣ 1919ರದು. ಅಲ್ಲಿಂದ ಹತ್ತು ನಿಮಿಷ ನಡೆದರೆ ಸೆನೆಟ್ ಚೌಕ. ಎತ್ತರದ ಮೆಟ್ಟಿಲುಗಳ ಮೇಲೆ ಬಿಳೀ ಚರ್ಚು, ಹಸಿರು ಗುಮ್ಮಟ. ಹೆಲ್ಸಿಂಕಿಯ ಫೋಟೋ ಅಂತ ನೀವು ಎಲ್ಲೇ ನೋಡಿದ್ದರೂ ಅದು ಇದೇ.

ಈ ಚೌಕ ಯಾಕೆ ಹೀಗಿದೆ ಅಂತ ಗೊತ್ತಿದ್ದರೆ ನೋಡುವುದು ಚೆನ್ನಾಗಿರುತ್ತದೆ. ಸ್ವೀಡನ್ ರಾಜ ಗುಸ್ತಾವ್ ವಾಸ 1550ರಲ್ಲಿ ಶುರುಮಾಡಿಸಿದ ಈ ಊರು ಬಹುಕಾಲ ಒಂದು ಸಣ್ಣ ಬಂದರು ಅಷ್ಟೇ. 1808ರಲ್ಲಿ ಬೆಂಕಿ ಬಿದ್ದು ಹೆಚ್ಚುಕಮ್ಮಿ ಸುಟ್ಟುಹೋಯಿತು. ಮರುವರ್ಷ ಫಿನ್ಲೆಂಡ್ ರಷ್ಯಾದ ಕೈಗೆ ಹೋಯಿತು. 1812ರಲ್ಲಿ ರಷ್ಯಾದ ಚಕ್ರವರ್ತಿ ಇದನ್ನೇ ರಾಜಧಾನಿ ಮಾಡಿದ. ಸುಟ್ಟ ಜಾಗದಲ್ಲಿ ಹೊಸ ರಾಜಧಾನಿ ಕಟ್ಟಲು ಬಂದವನು ಕಾರ್ಲ್ ಲುಡ್ವಿಗ್ ಎಂಗೆಲ್ ಅನ್ನುವ ಜರ್ಮನ್ ವಾಸ್ತುಶಿಲ್ಪಿ. ಚರ್ಚಿನ ಕೆಲಸ 1830ರಲ್ಲಿ ಶುರುವಾಗಿ 1852ರಲ್ಲಿ ಮುಗಿಯಿತು. ಎಂಗೆಲ್ 1840ರಲ್ಲೇ ತೀರಿಕೊಂಡಿದ್ದ.

ಚೌಕದ ನಡುವೆ ನಿಂತಿರುವುದು ರಷ್ಯಾದ ಎರಡನೇ ಅಲೆಕ್ಸಾಂಡರ್. 1917ರಲ್ಲಿ ಸ್ವತಂತ್ರವಾದ ದೇಶ ತನ್ನನ್ನು ಆಳಿದವನ ಪ್ರತಿಮೆ ಯಾಕೆ ಇಟ್ಟುಕೊಂಡಿದೆ ಅಂತ ಮಾವ ಕೇಳಿದರು. ಈತ ಫಿನ್ಲೆಂಡಿನ ಸಭೆಯನ್ನು 1863ರಲ್ಲಿ ಮತ್ತೆ ಸೇರಿಸಿದವನು. ಮುಂದೆ ಅವನ ಮೊಮ್ಮಗ ಎರಡನೇ ನಿಕೊಲಾಸ್ ಹಿಡಿತ ಬಿಗಿ ಮಾಡಿದಾಗ ಜನ ಬಂದು ಈ ಪ್ರತಿಮೆಯ ಪಾದಕ್ಕೆ ಹೂವು ಇಟ್ಟು ಹೋಗುತ್ತಿದ್ದರು. ತಾತನಿಗೆ ಹೂವು, ಮೊಮ್ಮಗನಿಗೆ ಬೈಗುಳ. ಯಾರೂ ಬಾಯಿ ಬಿಡದೆ ಮಾಡಿದ ಪ್ರತಿಭಟನೆ.

ಚರ್ಚಿನ ಒಳಗೆ ಜಾಸ್ತಿ ಏನೂ ಇಲ್ಲ, ಬಿಳಿ ಗೋಡೆ ಅಷ್ಟೇ. ಮೆಟ್ಟಿಲ ಮೇಲೆ ಕೂರಿ, ಅದೇ ಮುಖ್ಯ. ಆಮೇಲೆ ಇಳಿಜಾರಿನಲ್ಲಿ ಎರಡು ನಿಮಿಷ ನಡೆದರೆ ಸಮುದ್ರ, ಕೌಪ್ಪತೊರಿ ಮಾರುಕಟ್ಟೆ.

ಇಲ್ಲಿ ಆತುರ ಬೇಡ. ಬೇಸಿಗೆಯಲ್ಲಿ ಬಂದಿದ್ದರೆ ಹಸಿ ಬಟಾಣಿ ಕೊಳ್ಳಿ. ತಕ್ಕಡಿಯಲ್ಲಿ ತೂಗುವುದಿಲ್ಲ, ಲೀಟರ್ ಲೆಕ್ಕ. ತಗಡಿನ ಅಳತೆಯಲ್ಲಿ ತುಂಬಿ ಕಾಗದದ ಚೀಲಕ್ಕೆ ಸುರಿಯುತ್ತಾರೆ, ನಮ್ಮಲ್ಲಿ ಸೇರು ಪಾವಿನಲ್ಲಿ ಅಳೆದ ಹಾಗೆ. ಜನ ಅಲ್ಲೇ ಬಂದರಿನ ಕಟ್ಟೆಯ ಮೇಲೆ ಕೂತು ಸಿಪ್ಪೆ ಬಿಡಿಸಿ ಹಸಿಯಾಗೇ ತಿನ್ನುತ್ತಾರೆ. ಸೂಟು ಹಾಕಿದವರು, ಅಜ್ಜಿಯರು, ಮಕ್ಕಳು, ಎಲ್ಲರೂ. ಹೆಬ್ಬೆರಳಿನಿಂದ ಒತ್ತಿದರೆ ಟಪ್ ಅಂತ ಬಾಯಿ ಬಿಡುತ್ತದೆ, ಒಳಗೆ ಎಂಟೋ ಒಂಬತ್ತೋ ಕಾಳು, ಸಕ್ಕರೆಯಷ್ಟು ಸಿಹಿ. ಅವರೆಕಾಯಿ ಸೊಗಡು ಹಿಡಿದು ಸುಲಿದು ಅಭ್ಯಾಸ ಇದ್ದ ಅತ್ತೆ ಅರ್ಧ ಲೀಟರ್ ಮುಗಿಸಿದ ಮೇಲೆ ಮೊದಲ ಸಲ ಸಮುದ್ರ ನೋಡಿದರು.

ಕಡಲ ಹಕ್ಕಿಗಳ ಬಗ್ಗೆ ಹೇಳಲೇಬೇಕು. ಮಾವ ಕರ್ಯಲನ್‌ಪೀರಕ್ಕ ಕೊಂಡರು. ರೈ ಅನ್ನುವ ಧಾನ್ಯದ ಹಿಟ್ಟಿನ ತೆಳ್ಳಗಿನ ಕವಚದೊಳಗೆ ಅಕ್ಕಿ ಗಂಜಿ ತುಂಬಿ ಬೇಯಿಸಿದ ತಿಂಡಿ, ಅಂಗೈ ಅಗಲ. ಕೈಯಲ್ಲಿ ಹಿಡಿದು ಫೋಟೋಗೆ ನಿಂತರು. ನಾನು ಕ್ಲಿಕ್ ಮಾಡುವಷ್ಟರಲ್ಲಿ ಹಿಂದಿನಿಂದ ಒಂದು ರೆಕ್ಕೆ ಅವರ ಕಿವಿಗೆ ಬಡಿಯಿತು. ಫೋಟೋದಲ್ಲಿ ಮಾವನ ತೆರೆದ ಬಾಯಿ, ಖಾಲಿ ಕೈ, ಚೌಕಟ್ಟಿನ ಮೂಲೆಯಲ್ಲಿ ಒಂದು ಬಿಳೀ ಬಾಲ. ತಿನ್ನುವುದಾದರೆ ಮಾರುಕಟ್ಟೆಯ ಟೆಂಟಿನ ಕೆಳಗೆ ಕೂತು ತಿನ್ನಿ. ಇಲ್ಲವೇ ಪಕ್ಕದಲ್ಲೇ ಇರುವ, 1889ರ ಹಳೇ ಮಾರುಕಟ್ಟೆ ಕಟ್ಟಡದೊಳಗೆ ಹೋಗಿ.

ಸಂಜೆ 2ನೇ ನಂಬರಿನ ಟ್ರಾಮ್ ಹತ್ತಿ ಕಿಟಕಿ ಪಕ್ಕ ಕೂತುಬಿಡಿ. ಬರುವಾಗ 3ನೇ ನಂಬರು. ಎರಡೂ ಸೇರಿದರೆ ಊರಿನ ನಡುಭಾಗ ಹೆಚ್ಚುಕಮ್ಮಿ ಪೂರ್ತಿ ಕಾಣುತ್ತದೆ. ಹಳಿ ರಿಪೇರಿ ಇದ್ದಾಗ ದಾರಿ ಬದಲಾಗುತ್ತದೆ, ಆ್ಯಪ್ ನೋಡಿಕೊಂಡು ಹತ್ತಿ. ಪ್ರವಾಸಿ ಬಸ್ಸಿಗೆ ಕೊಡುವ ದುಡ್ಡು ಉಳಿಯಿತು.

ಎರಡನೇ ದಿನ: ಸುವೊಮೆನ್‌ಲಿನ್ನ, ಇಡೀ ದಿನ

ಹೆಲ್ಸಿಂಕಿಯಲ್ಲಿ ಒಂದೇ ದಿನ ಇದ್ದರೂ ಇಲ್ಲಿಗೇ ಹೋಗಿ. ಸಮುದ್ರದ ನಡುವೆ ಕೆಲವು ದ್ವೀಪಗಳನ್ನು ಸೇರಿಸಿ ಕಟ್ಟಿದ ಕೋಟೆ. 1748ರಲ್ಲಿ ಸ್ವೀಡನ್ನಿನ ಆಡಳಿತ ಆಗಸ್ಟಿನ್ ಎರೆನ್‌ಸ್ವಾರ್ಡ್ ಅನ್ನುವ ಸೇನಾಧಿಕಾರಿಯ ಕೈಲಿ ಶುರುಮಾಡಿಸಿತು. ರಷ್ಯಾ ಬಂದರೆ ತಡೆಯಲಿ ಅಂತ. ರಷ್ಯಾ 1808ರಲ್ಲಿ ಬಂತು, ಕೋಟೆ ಶರಣಾಯಿತು. ಆಮೇಲೆ ನೂರಕ್ಕೂ ಹೆಚ್ಚು ವರ್ಷ ರಷ್ಯಾದವರೇ ಇದ್ದರು. 1991ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಹಾಗಂತ ಇದು ಬರೀ ಸ್ಮಾರಕ ಅಲ್ಲ. ಸುಮಾರು 800 ಜನ ಇಲ್ಲಿ ಮನೆ ಮಾಡಿಕೊಂಡಿದ್ದಾರೆ. ಕಿಟಕಿಯಲ್ಲಿ ಹೂಕುಂಡ, ಅಂಗಳದಲ್ಲಿ ಮಕ್ಕಳ ಸೈಕಲ್ಲು. ಒಂದು ತೆರೆದ ಜೈಲೂ ಇದೆ, ಕೋಟೆ ಗೋಡೆಯ ದುರಸ್ತಿ ಕೆಲಸದಲ್ಲಿ ಅಲ್ಲಿನ ಕೈದಿಗಳ ಪಾಲೂ ಇದೆ.

ದೋಣಿ ಹೊರಡುವುದು ಕೌಪ್ಪತೊರಿಯ ಪೂರ್ವದ ತುದಿಯಿಂದ, ಅಧ್ಯಕ್ಷರ ಅರಮನೆಯ ಎದುರಿಗೆ. 15 ನಿಮಿಷದ ಪ್ರಯಾಣ. ವರ್ಷಪೂರ್ತಿ ಓಡುತ್ತದೆ, ಚಳಿಗಾಲದಲ್ಲಿ ಮಂಜುಗಡ್ಡೆ ಒಡೆದುಕೊಂಡು ಹೋಗುತ್ತದೆ. ನಿಮ್ಮ ಎಬಿ ಟಿಕೆಟ್ಟೇ ಸಾಕು. ಅಲ್ಲೇ ಪಕ್ಕದಲ್ಲಿ ಪ್ರವಾಸಿ ದೋಣಿಗಳವರೂ ಕೂಗುತ್ತಿರುತ್ತಾರೆ, ಅವುಗಳ ಟಿಕೆಟ್ ಬೇರೆ. ಬೋರ್ಡಿನಲ್ಲಿ ಎಚ್‌ಎಸ್‌ಎಲ್ ಇದೆಯೇ ನೋಡಿ ಹತ್ತಿ. ಒಳಗೆ ಕೂರಬೇಡಿ, ಗಾಳಿ ಇದ್ದರೂ ಮೇಲೆ ನಿಲ್ಲಿ. ದೋಣಿ ಹೊರಟ ಐದು ನಿಮಿಷಕ್ಕೆ ತಿರುಗಿ ನೋಡಿದರೆ ಬಿಳೀ ಚರ್ಚು ಒಂದು ಕಡೆ, ಕೆಂಪು ಇಟ್ಟಿಗೆಯ ಉಸ್ಪೆನ್ಸ್ಕಿ ಚರ್ಚು ಇನ್ನೊಂದು ಕಡೆ. ಊರು ಹೇಗೆ ಕೂತಿದೆ ಅನ್ನುವುದು ಅರ್ಥವಾಗುವುದು ಇಲ್ಲಿಂದಲೇ.

ಕೋಟೆಗೆ ಗೇಟಿಲ್ಲ, ಪ್ರವೇಶ ಶುಲ್ಕ ಇಲ್ಲ. ದಡದಿಂದ ನೀಲಿ ಬೋರ್ಡುಗಳನ್ನು ಹಿಡಿದು ನಡೆದರೆ ಒಂದೂವರೆ ಕಿಲೋಮೀಟರ್ ದಾರಿ, ದಕ್ಷಿಣ ತುದಿಯ ರಾಜನ ಬಾಗಿಲಿನವರೆಗೆ. ಬಂಡೆಗಲ್ಲು ಹಾಸಿದ ದಾರಿ, ಹಿಮ್ಮಡಿ ಚಪ್ಪಲಿ ಬೇಡ. ನಡುವೆ ಎರೆನ್‌ಸ್ವಾರ್ಡ್ ಸಮಾಧಿ, ಮರದ ಹಡಗು ರಿಪೇರಿ ಮಾಡುವ 18ನೇ ಶತಮಾನದ ಕಟ್ಟೆ, ವೆಸಿಕ್ಕೊ ಅನ್ನುವ ಪುಟ್ಟ ಜಲಾಂತರ್ಗಾಮಿ. ಚರ್ಚಿನ ಗೋಪುರದ ತುದಿಯಲ್ಲಿ ದೀಪ ಮಿನುಗುತ್ತದೆ, ಅದು ಹಡಗುಗಳಿಗೆ ದೀಪಸ್ತಂಭವೂ ಹೌದು. ಗೋಡೆಯೊಳಗಿನ ಸುರಂಗಗಳಿಗೆ ಹೋಗಬೇಕೆಂದರೆ ಮೊಬೈಲ್ ಟಾರ್ಚ್ ಬೇಕು. ಹುಲ್ಲಿನ ಮೇಲೆ ಕೂರುವ ಮೊದಲು ನೋಡಿ ಕೂರಿ, ಬೇಸಿಗೆಯಲ್ಲಿ ಕಾಡುಬಾತುಗಳ ಕಾರುಬಾರು ಜಾಸ್ತಿ.

ಬುತ್ತಿ ಕಟ್ಟಿಕೊಂಡು ಹೋಗಿ. ನಾವು ಚಪಾತಿ, ಚಟ್ನಿಪುಡಿ ಒಯ್ದಿದ್ದೆವು. ದಕ್ಷಿಣ ತುದಿಯಲ್ಲಿ ಹುಲ್ಲು ಹೊದ್ದ ದಿಬ್ಬಗಳು, ಹಳೇ ಫಿರಂಗಿಗಳು, ಎದುರಿಗೆ ಬರೀ ನೀರು. ಸಂಜೆ 5 ಗಂಟೆಯ ಆಸುಪಾಸಿಗೆ ಅಲ್ಲೇ ಇರುವ ಹಾಗೆ ನೋಡಿಕೊಳ್ಳಿ. ಸ್ಟಾಕ್‌ಹೋಮಿಗೆ ಹೋಗುವ ದೊಡ್ಡ ಹಡಗು ಆ ಹೊತ್ತಿಗೆ ಹೊರಡುತ್ತದೆ. ಹತ್ತು ಮಹಡಿಯ ಕಟ್ಟಡ ಮಲಗಿದ ಹಾಗಿರುವ ಹಡಗು, ಎರಡು ದ್ವೀಪಗಳ ನಡುವಿನ ಕಿರಿದಾದ ಕಾಲುವೆಯಲ್ಲಿ ನುಸುಳುತ್ತದೆ. ಸದ್ದೇ ಇಲ್ಲ. ಮೊದಲು ದಿಬ್ಬದ ಮೇಲೆ ಚಿಮಣಿ ಕಾಣಿಸುತ್ತದೆ, ಆಮೇಲೆ ಹುಲ್ಲಿನ ಹಿಂದೆ ಬಿಳೀ ಗೋಡೆ ಸರಿಯುತ್ತದೆ. ಮೇಲ್ಮಹಡಿಯಲ್ಲಿ ನಿಂತವರ ಮುಖ ಕಾಣುತ್ತದೆ. ಅತ್ತೆ ಸೆರಗು ಸರಿಮಾಡಿಕೊಂಡು ಕೈ ಬೀಸಿದರು. ಮೇಲಿಂದ ಹತ್ತಾರು ಜನ ತಿರುಗಿ ಬೀಸಿದರು.

ಮೂರನೇ ದಿನ: ಬಂಡೆ, ಪುಸ್ತಕ, ಸ್ಟೇಡಿಯಂ

ಬೆಳಗ್ಗೆ ತೆಂಪ್ಪೆಲಿಔಕಿಯೊ ಚರ್ಚು. ಬಂಡೆಯನ್ನು ಕೊರೆದು ಒಳಗೆ ಚರ್ಚು ಮಾಡಿ, ಮೇಲೆ ತಾಮ್ರದ ಮುಚ್ಚಳ ಇಟ್ಟಿದ್ದಾರೆ. 1969ರದು, ತಿಮೊ ಮತ್ತು ತುವೊಮೊ ಸುವೊಮಲೈನೆನ್ ಅನ್ನುವ ಅಣ್ಣತಮ್ಮಂದಿರ ವಿನ್ಯಾಸ. ಒರಟು ಬಂಡೆಯೇ ಗೋಡೆ. ಟಿಕೆಟ್ ಇದೆ. ಪ್ರವಾಸಿ ಬಸ್ಸುಗಳು ಬರುವ ಮೊದಲು ಹೋದರೆ ಮಾತ್ರ ಆ ನಿಶ್ಶಬ್ದ ಸಿಗುತ್ತದೆ.

ಅಲ್ಲಿಂದ ಊದಿ (Oodi) ಗ್ರಂಥಾಲಯ. ಹೆಸರನ್ನು ಇಂಗ್ಲಿಷಿನ ಹಾಗಲ್ಲ, ಫಿನ್ನಿಷಿನಲ್ಲಿ ಬರೆದ ಹಾಗೆ ಓದಿದರೆ "ಓದಿ". ಅವರ ಭಾಷೆಯಲ್ಲಿ ಸ್ತುತಿಗೀತೆ ಅಂತ ಅರ್ಥ, ಆದರೆ ಲೈಬ್ರರಿಗೆ "ಓದಿ" ಅಂತ ಹೆಸರಿಟ್ಟ ಊರನ್ನು ಕನ್ನಡಿಗರು ಮೆಚ್ಚಬೇಕು, ಅಲ್ವಾ? ನಾನಂತೂ ಇನ್ನು ಮುಂದೆ ಓದಿ ಅಂತಲೇ ಕರೆಯುತ್ತೇನೆ. ಸಂಸತ್ತಿನ ಎದುರಿಗೇ ಇದೆ. 2018ರ ಡಿಸೆಂಬರ್ 5ರಂದು, ಸ್ವಾತಂತ್ರ್ಯ ದಿನದ ಹಿಂದಿನ ದಿನ ತೆರೆಯಿತು. ಒಳಗೆ ಹೋಗಲು ದುಡ್ಡಿಲ್ಲ, ಕಾರ್ಡಿಲ್ಲ, ಯಾರೂ ಕೇಳುವುದಿಲ್ಲ. ಮಧ್ಯದ ಮಹಡಿಯಲ್ಲಿ ಜನ ಹೊಲಿಗೆ ಮೆಷಿನ್ನಿನಲ್ಲಿ ಪರದೆ ಹೊಲಿಯುತ್ತಿರುತ್ತಾರೆ, ಪಕ್ಕದಲ್ಲಿ ತ್ರಿಡಿ ಪ್ರಿಂಟರ್ ಓಡುತ್ತಿರುತ್ತದೆ. ಮೇಲಿನ ಮಹಡಿಯಲ್ಲಿ ಪುಸ್ತಕ, ಮಕ್ಕಳು, ಬಿಸಿಲು. ಬಾಲ್ಕನಿಗೆ ಹೋಗಿ ಎದುರಿನ ಸಂಸತ್ತನ್ನು ನೇರ ಕಣ್ಣಳತೆಯಲ್ಲಿ ನೋಡಬಹುದು. ಊರಿನಲ್ಲಿ ಎಷ್ಟೋ ಕಡೆ ಶೌಚಾಲಯಕ್ಕೆ ದುಡ್ಡು ಕೊಡಬೇಕು, ಇಲ್ಲಿ ಇಲ್ಲ. ವಯಸ್ಸಾದವರ ಜೊತೆ ಹೋದವರಿಗೆ ಈ ಮಾಹಿತಿಯ ಬೆಲೆ ಗೊತ್ತು.

ಮಧ್ಯಾಹ್ನ ಟ್ರಾಮಿನಲ್ಲಿ ತೊಲೊ ಕಡೆಗೆ, ಒಲಿಂಪಿಕ್ ಸ್ಟೇಡಿಯಂ. 1940ರ ಕೂಟಕ್ಕೆ ಅಂತ ಕಟ್ಟಿದ್ದು, ಯುದ್ಧದಿಂದ ಅದು ನಡೆಯಲಿಲ್ಲ, 1952ರಲ್ಲಿ ನಡೆಯಿತು. ಟಿಕೆಟ್ ಕೊಟ್ಟು 72 ಮೀಟರಿನ ಗೋಪುರ ಹತ್ತಿದರೆ ಊರು, ಸಮುದ್ರ, ದ್ವೀಪ ಎಲ್ಲ ಒಂದೇ ನೋಟಕ್ಕೆ. ಭಾರತಕ್ಕೆ ಆ ಹೆಲ್ಸಿಂಕಿ ಕೂಟ ಮರೆಯಲಾಗದ್ದು. ಹಾಕಿಯಲ್ಲಿ ಚಿನ್ನ, ಕುಸ್ತಿಯಲ್ಲಿ ಕೆ.ಡಿ. ಜಾಧವ್‌ಗೆ ಕಂಚು. ಫುಟ್‌ಬಾಲಿನಲ್ಲಿ ಮಾತ್ರ ಯುಗೊಸ್ಲಾವಿಯಾ ಎದುರು 10–1ರ ಸೋಲು. ನಮ್ಮ ಎಷ್ಟೋ ಆಟಗಾರರು ಬರಿಗಾಲಿನಲ್ಲಿ ಆಡಿದ್ದರು. ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಅಹಮದ್ ಖಾನ್. ಜುಲೈ ತಿಂಗಳಲ್ಲೂ ಸ್ವೆಟರ್ ಹಾಕಿಕೊಂಡು ಗೋಪುರದ ಮೇಲೆ ನಿಂತು ಬರಿಗಾಲಿನ ಆ ಆಟ ನೆನೆಸಿಕೊಂಡೆ. ಮೈ ಜುಂ ಅಂದಿತು.

ಅದೇ ಸಂಜೆ: ಸೌನ

ಮೊದಲು ಉಚ್ಚಾರ. ಸಾನಾ ಅಲ್ಲ, ಸೌನ. ಅಲ್ಲಿಯವರು ತಿದ್ದಿಯೇ ತಿದ್ದುತ್ತಾರೆ.

ಎರಡು ಬಗೆ ಇವೆ. ಸಮುದ್ರದ ದಂಡೆಯಲ್ಲಿರುವ, 2016ರಲ್ಲಿ ಶುರುವಾದ ಲೊಯ್ಲು ಅಥವಾ ಬಂದರಿನ ಪಕ್ಕದ ಅಲ್ಲಾಸ್. ಲೊಯ್ಲುವಿನಲ್ಲಿ ಗಂಡಸರು ಹೆಂಗಸರು ಒಟ್ಟಿಗೇ ಕೂರುತ್ತಾರೆ, ಈಜುಡುಗೆ ಕಡ್ಡಾಯ, ಮೊದಲೇ ಬುಕ್ ಮಾಡಿ. ನಾಚಿಕೆ ಸ್ವಭಾವದವರು ಇಂಥ ಕಡೆಯಿಂದಲೇ ಶುರುಮಾಡಿ. ಇನ್ನೊಂದು ಬಗೆ ಕಲ್ಲಿಯೊ ಬಡಾವಣೆಯ ಕೊತಿಹರ್ಯುನ್ ಸೌನ. 1928ರದು, ಇವತ್ತಿಗೂ ಸೌದೆ ಒಲೆ. ಗಂಡಸರಿಗೆ, ಹೆಂಗಸರಿಗೆ ಬೇರೆ ಬೇರೆ, ಆದರೆ ಒಳಗೆ ಯಾರ ಮೈಮೇಲೂ ಬಟ್ಟೆ ಇರುವುದಿಲ್ಲ. ಅಂದಹಾಗೆ ಕಲ್ಲಿಯೊ ಅಂದರೆ ಬಂಡೆ. ನಮ್ಮ ಕಲ್ಲಿಗೂ ಅದಕ್ಕೂ ಹೋಲಿಕೆ ಕಾಕತಾಳೀಯ ಇರಬಹುದು, ನನಗಂತೂ ಖುಷಿ ಕೊಟ್ಟಿತು.

ಕ್ರಮ ಹೀಗೆ. ಬಟ್ಟೆ ಕಳಚಿ, ಚೆನ್ನಾಗಿ ಸ್ನಾನ ಮಾಡಿ, ಆಮೇಲೆ ಒಳಗೆ. ಕೂರಲು ಒಂದು ಸಣ್ಣ ಟವೆಲ್ ಹಾಸಿಕೊಳ್ಳಬೇಕು, ಮರದ ಮೇಲೆ ಹಾಗೇ ಕೂರಬಾರದು. ಮೊದಲ ಸಲ ಕೆಳಗಿನ ಮೆಟ್ಟಿಲಲ್ಲೇ ಕೂರಿ. ಬಿಸಿ 80 ಡಿಗ್ರಿ ದಾಟಿರುತ್ತದೆ, ಮೇಲಿನ ಮೆಟ್ಟಿಲು ಪಳಗಿದವರದ್ದು. ಯಾರೋ ಒಂದು ಸೌಟು ನೀರು ಕಾದ ಕಲ್ಲಿನ ಮೇಲೆ ಎರಚುತ್ತಾರೆ. ಚುಂಯ್ ಅಂತ ಸದ್ದು, ಎರಡು ಕ್ಷಣ ಏನೂ ಇಲ್ಲ, ಆಮೇಲೆ ಬಿಸಿ ಆವಿ ನೆತ್ತಿಯಿಂದ ಬೆನ್ನಿನ ಮೇಲೆ ಇಳಿಯುತ್ತದೆ. ಆ ಆವಿಗೇ ಲೊಯ್ಲು ಅಂತ ಹೆಸರು. ನೀವು ನೀರು ಹಾಕುವ ಮೊದಲು ಪಕ್ಕದವರನ್ನು ಕೇಳಿ. ತಲೆ ಸುತ್ತುವ ತನಕ ಕೂರಬೇಡಿ, ಅದು ಪಂದ್ಯ ಅಲ್ಲ. ಹೊರಗೆ ಬಂದು ತಣ್ಣಗಾಗಿ, ಸಮುದ್ರ ಇದ್ದರೆ ಮುಳುಗಿ, ನೀರು ಕುಡಿದು ಮತ್ತೆ ಹೋಗಿ. ಬಿಪಿ, ಹೃದಯದ ತೊಂದರೆ ಇರುವವರು ಡಾಕ್ಟರನ್ನು ಕೇಳಿಯೇ ಹೋಗಬೇಕು.

ಕೊತಿಹರ್ಯುನ್‌ನಲ್ಲಿ ನನಗೆ ಮೊದಲು ಬಂದದ್ದು ಸೌದೆ ಹೊಗೆಯ ವಾಸನೆ. ಅಜ್ಜಿ ಮನೆಯ ಬಚ್ಚಲು, ಹಂಡೆ ಒಲೆ, ದೀಪಾವಳಿಯ ಎಣ್ಣೆಸ್ನಾನ, ಎಲ್ಲ ಒಟ್ಟಿಗೇ ನೆನಪಾಯಿತು. ಹೊರಗೆ ಬೀದಿಯಲ್ಲಿ ಟವೆಲ್ ಸುತ್ತಿಕೊಂಡು ಗಂಡಸರು ಸಾಲಾಗಿ ಕೂತು ತಣ್ಣಗಾಗುತ್ತಿರುತ್ತಾರೆ. ಯಾರೂ ಮಾತಾಡುವುದಿಲ್ಲ. ನೀವೂ ಮಾತಾಡಬೇಡಿ.

ಊಟ, ಮುಖ್ಯವಾಗಿ ಸಸ್ಯಾಹಾರಿಗಳಿಗೆ

ರಾತ್ರಿ ಊಟ ದುಬಾರಿ, ಮಧ್ಯಾಹ್ನದ್ದು ಪರವಾಗಿಲ್ಲ. ವಾರದ ದಿನಗಳಲ್ಲಿ 11ರಿಂದ 2ರ ತನಕ "ಲೌನಸ್" ಅಂತ ಬೋರ್ಡು ಹಾಕಿರುತ್ತಾರೆ. ನಿಗದಿ ದರ, ಬಹಳ ಕಡೆ ಬೇಕಾದಷ್ಟು ಬಡಿಸಿಕೊಳ್ಳಬಹುದು. ಊರಲ್ಲಿ ನೇಪಾಳಿ ಹೋಟೆಲುಗಳು ಬೇಕಾದಷ್ಟಿವೆ. ಅನ್ನ, ದಾಲು ಸಿಕ್ಕಿದರೆ ಸಾಕು ಅನ್ನುವವರು ಬದುಕಿಕೊಂಡರು.

ಕೆಲವು ಪದ ತಿಳಿದಿರಲಿ. "ಕಸ್ವಿಸ್" ಅಂದರೆ ತರಕಾರಿಯದು. "ಲಿಹ" ಮಾಂಸ, "ಕಲ" ಮೀನು, "ಕನ" ಕೋಳಿ, "ಕನನ್‌ಮುನ" ಮೊಟ್ಟೆ. ಮೊಸರು, ಮಿಠಾಯಿಯ ಡಬ್ಬಿಯ ಮೇಲೆ "ಲೀವತೆ" ಅಂತ ಇದ್ದರೆ ಅದು ಜೆಲಟಿನ್, ಪ್ರಾಣಿಗಳ ಮೂಳೆ, ಚರ್ಮದಿಂದ ಮಾಡಿದ್ದು. ಮೆನುವಿನಲ್ಲಿ ಎಂ ಅಂತ ಇದ್ದರೆ ಮಾಂಸ ಅಲ್ಲ, ಹಾಲಿಲ್ಲದ್ದು ಅಂತ. ಮಾವ ಎರಡು ದಿನ ಎಂ ಇದ್ದದ್ದನ್ನೆಲ್ಲ ಬಿಟ್ಟು ಉಪವಾಸ ಬಿದ್ದಿದ್ದರು.

ಇನ್ನೊಂದು, ನನ್ನದೇ ಎಡವಟ್ಟು. ಹೋದ ಮೊದಲ ಬೆಳಗ್ಗೆ ಅಂಗಡಿಯಿಂದ ಹಾಲಿನ ಪ್ಯಾಕೆಟ್ ತಂದು ಕಾಫಿಗೆ ಸುರಿದೆ. ಕಾಫಿ ಒಡೆದು ಚೂರುಚೂರು. ಹಾಲು ಕೆಟ್ಟಿದೆ ಅಂತ ಚೆಲ್ಲಿದೆ, ಮತ್ತೊಂದು ತಂದೆ, ಅದೂ ಹಾಗೇ. ಆಮೇಲೆ ಪ್ಯಾಕೆಟ್ ಓದಿದೆ: "ಪೀಮ್ಯಾ". ಹಾಲಿಗೆ "ಮೈತೊ" ಅನ್ನುತ್ತಾರೆ, ಪೀಮ್ಯಾ ಅಂದರೆ ಹೆಚ್ಚುಕಮ್ಮಿ ನಮ್ಮ ಮಜ್ಜಿಗೆ! ಬಾಡಿಗೆ ಮನೆಯಲ್ಲಿ ಅಡಿಗೆ ಮಾಡಿಕೊಳ್ಳುವವರು ಧಾರಾಳವಾಗಿ ಕೊಳ್ಳಿ. ಉಪ್ಪು, ಶುಂಠಿ ಹಾಕಿದರೆ ನೀರುಮಜ್ಜಿಗೆ, ಒಗ್ಗರಣೆ ಕೊಟ್ಟರೆ ಮಜ್ಜಿಗೆ ಹುಳಿ. ಹಕಾನಿಯೆಮಿ ಮಾರುಕಟ್ಟೆಯ ಸುತ್ತ ಏಷ್ಯಾದ ದಿನಸಿ ಅಂಗಡಿಗಳಿವೆ, ಬೇಳೆ, ಮಸಾಲೆ ಅಲ್ಲಿ ನೋಡಿ.

ಸಿಹಿಗೆ "ಕೊರ್ವಪೂಸ್ತಿ", ಏಲಕ್ಕಿ ಹಾಕಿದ ದಾಲ್ಚಿನ್ನಿ ಬನ್ನು. ಹೆಸರಿನ ಅರ್ಥ ಕಿವಿಗೆ ಏಟು. "ಸಲ್ಮಿಯಕ್ಕಿ" ಅನ್ನುವ ಕಪ್ಪು ಮಿಠಾಯಿ ಕೊಟ್ಟರೆ ಯೋಚನೆ ಮಾಡಿ ಬಾಯಿಗೆ ಹಾಕಿ. ಉಪ್ಪು, ಅಮೋನಿಯಾದ ಘಾಟು. ಅಲ್ಲಿಯವರಿಗೆ ಪ್ರಾಣ.

ನಾಲ್ಕನೇ ದಿನ ಇದ್ದರೆ

ಮೂರು ದಾರಿ ಇವೆ. ಕಾಡು ಬೇಕೆಂದರೆ ನೂಕ್ಸಿಯೊ ರಾಷ್ಟ್ರೀಯ ಉದ್ಯಾನ, ರೈಲು ಮತ್ತು ಬಸ್ಸಿನಲ್ಲೇ ಹೋಗಬಹುದು. ಆಗಸ್ಟಿನಲ್ಲಾದರೆ ನೇರಳೆ ಬಣ್ಣದ ಕಾಡುಹಣ್ಣು ದಾರಿಯಲ್ಲೇ ಕಿತ್ತು ತಿನ್ನಬಹುದು, ಕಾಡಿನ ಹಣ್ಣು ಯಾರು ಬೇಕಾದರೂ ಕೀಳಬಹುದು ಅನ್ನುವುದು ಆ ದೇಶದ ರೂಢಿ ಹಕ್ಕು. ಹಳೇ ಮರದ ಮನೆಗಳು ಬೇಕೆಂದರೆ 50 ಕಿಲೋಮೀಟರ್ ದೂರದ ಪೊರ್ವೊ. ಇನ್ನೊಂದು ದೇಶ ಬೇಕೆಂದರೆ ಹಡಗಿನಲ್ಲಿ ಎರಡು ಗಂಟೆ, ಎಸ್ಟೋನಿಯಾದ ತಾಲ್ಲಿನ್. ಷೆಂಗೆನ್ ವೀಸಾ ಅಲ್ಲೂ ನಡೆಯುತ್ತದೆ, ಪಾಸ್‌ಪೋರ್ಟ್ ಜೊತೆಗಿರಲಿ. ನನ್ನನ್ನು ಕೇಳಿದರೆ ಕಾಡು. ಪುಟ್ಟ ಮಕ್ಕಳಿದ್ದರೆ ಅಷ್ಟು ದೂರವೂ ಬೇಡ, ಸೆವುರಸಾರಿ ದ್ವೀಪಕ್ಕೆ ಹೋಗಿ. ಹಳ್ಳಿಗಳಿಂದ ತಂದು ನಿಲ್ಲಿಸಿದ ಹಳೇ ಮನೆಗಳಿವೆ, ಜೊತೆಗೆ ಹತ್ತಿರವೇ ಬರುವ ಕೆಂಪು ಅಳಿಲುಗಳು.

ಹೊರಡುವ ದಿನ

ರೂಮಿನಲ್ಲಿ ಜ್ಯೂಸು, ಸೋಡಾದ ಖಾಲಿ ಬಾಟಲಿಗಳು ಬಿದ್ದಿರುತ್ತವಲ್ಲ, ಕಸಕ್ಕೆ ಹಾಕಬೇಡಿ. ಕೊಳ್ಳುವಾಗಲೇ ಅದಕ್ಕೆ ಠೇವಣಿ ಕಟ್ಟಿರುತ್ತೀರಿ. ಡಬ್ಬಿಗೆ 15 ಸೆಂಟು, ಅರ್ಧ ಲೀಟರ್ ಪ್ಲಾಸ್ಟಿಕ್ ಬಾಟಲಿಗೆ 20, ದೊಡ್ಡದಕ್ಕೆ 40. ಸೂಪರ್ ಮಾರ್ಕೆಟ್ಟಿನ ಗೋಡೆಯಲ್ಲಿ ಒಂದು ದುಂಡು ತೂತಿನ ಮೆಷಿನ್ ಇರುತ್ತದೆ. ಬಾಟಲಿಯನ್ನು ಚಪ್ಪಟೆ ಮಾಡದೆ ಒಂದೊಂದಾಗಿ ಹಾಕಿ, ಬಟನ್ ಒತ್ತಿದರೆ ಚೀಟಿ ಬರುತ್ತದೆ. ಕೌಂಟರಿನಲ್ಲಿ ಕೊಟ್ಟರೆ ದುಡ್ಡು. ಮಾವನಿಗೆ ಈ ಮೆಷಿನ್ ಎಷ್ಟು ಹಿಡಿಸಿತೆಂದರೆ ಪಕ್ಕದ ಮನೆಯವರ ಬಾಟಲಿಯನ್ನೂ ಕೇಳಿ ತಂದು ಹಾಕಿದರು. ಬಂದ ದುಡ್ಡಿನಲ್ಲಿ ಒಂದು ನೀಲಿ ಕಾಗದದ ಫಾಜರ್ ಚಾಕೊಲೇಟ್ ಬಂತು.

ಮರೆಯಬೇಡಿ, ವಿಮಾನ ನಿಲ್ದಾಣಕ್ಕೆ ಎಬಿ ಪಾಸ್ ನಡೆಯುವುದಿಲ್ಲ. ನಾಲ್ಕು ದಿನ ಅದರಲ್ಲೇ ಓಡಾಡಿ ರೂಢಿಯಾಗಿ, ಕೊನೆಯ ದಿನ ರೈಲಿನಲ್ಲಿ ದಂಡ ಕಟ್ಟಿದವರನ್ನು ನಾನು ನೋಡಿದ್ದೇನೆ. ಎಬಿಸಿ ತೆಗೆದುಕೊಂಡು ಹತ್ತಿ.